ಹೆಸರು ಕಲ್ಲಿನ ಮೇಲಿತ್ತು, ಬಾಡಿಗೆ ಕಟ್ಟಿರಲಿಲ್ಲ

ದೀಪಾವಳಿಗೆ ಊರಿಗೆ ಹೊರಡಲು ಇನ್ನೂ ಎರಡು ದಿನ ಇತ್ತು. ಬೆಳಿಗ್ಗೆ ಬೆಳಿಗ್ಗೆಯೇ ಶೆಟ್ರ ಫೋನು. ನಮ್ಮೂರ ಯಕ್ಷಗಾನ ಸಂಘದ ಖಜಾಂಚಿ ಅವರು. ಹಲೋ ಇಲ್ಲ, ಆರಾಮಾ ಅಂತ ಕೇಳುವುದಿಲ್ಲ, ನೇರ ವಿಷಯಕ್ಕೇ ಬಂದರು. "ಎಂತ ಮಾರಾಯ, ನಿನ್ನ ವೆಬ್‌ಸೈಟಿನಲ್ಲಿ ಜುಗಾರಿ ಶುರುವಾಗಿದೆಯಂತಲ್ಲ?"

ನಾನು ನಕ್ಕುಬಿಟ್ಟೆ. ದ್ಯೂತ ಪ್ರಸಂಗದ ವಿಡಿಯೋ ಯಾರೋ ಹಾಕಿರಬೇಕು, ಶೆಟ್ರಿಗೆ ಯಾರೋ ತಮಾಷೆ ಮಾಡಿರಬೇಕು ಅಂದುಕೊಂಡೆ. ಫೋನಿನಲ್ಲೇ ಸೈಟು ತೆರೆದೆ. ಒಡ್ಡೋಲಗದ ದೊಡ್ಡ ಫೋಟೋ ಇದ್ದ ಜಾಗದಲ್ಲಿ ಮಿಣಮಿಣ ಅನ್ನುವ ಚಿನ್ನದ ನಾಣ್ಯಗಳು, ಒಂದು ಕೆಂಪು ಡ್ರ್ಯಾಗನ್, ಸುತ್ತ ಇಂಡೋನೇಷ್ಯಾದ ಭಾಷೆಯಲ್ಲಿ ಏನೇನೋ ಬರಹ. ಮೇಲೆ ದಪ್ಪಕ್ಷರದಲ್ಲಿ 'ಸ್ಲಾಟ್ ಗಾಚೋರ್'. ಆಮೇಲೆ ಹುಡುಕಿ ನೋಡಿದೆ, ಗಾಚೋರ್ ಅಂದರೆ ಮೂಲದಲ್ಲಿ ಬಿಡದೆ ಹಾಡುವ ಹಕ್ಕಿಯ ಬಗ್ಗೆ ಹೇಳುವ ಮಾತಂತೆ. ಜೂಜಿನವರ ಬಾಯಲ್ಲಿ ಅದು ಬಿಡದೆ ದುಡ್ಡು ಉದುರಿಸುವ ಯಂತ್ರ ಆಗಿದೆ. ಭಾಗವತರ ಸೈಟಿಗೆ ಹಾಡುವ ಹಕ್ಕಿ ಬಂದು ಕೂತದ್ದು ಒಂಥರಾ ಸರಿಯೇ ಅನ್ನಿ.

ಯಾರೋ ಹ್ಯಾಕ್ ಮಾಡಿದ್ದಾರೆ ಅಂತ ಮೊದಲು ಅನ್ನಿಸಿತು. ಶೆಟ್ರಿಗೂ ಹಾಗೇ ಹೇಳಿದೆ, ಹೇಳಿ ಹತ್ತು ನಿಮಿಷಕ್ಕೆ ಮಾತು ವಾಪಸ್ ತೆಗೆದುಕೊಳ್ಳಬೇಕಾಯಿತು. ಯಾರೂ ಏನನ್ನೂ ಒಡೆದಿರಲಿಲ್ಲ. ನಾವು ಬಾಗಿಲು ತೆರೆದಿಟ್ಟು ಹೋಗಿದ್ದೆವು, ಅದೂ ಅಲ್ಲ, ಮನೆಯನ್ನೇ ಬಿಟ್ಟು ಹೋಗಿದ್ದೆವು. ಬೇರೆಯವರು ಬಂದು ಸರಿಯಾಗಿ ದುಡ್ಡು ಕೊಟ್ಟು, ರಸೀದಿ ತೆಗೆದುಕೊಂಡು, ಒಳಗೆ ಕೂತಿದ್ದರು.

ಕತೆ ಇಷ್ಟು. 2011ರಲ್ಲಿ ನಾನೇ ಆ ಸೈಟು ಮಾಡಿಕೊಟ್ಟದ್ದು. ಡೊಮೇನ್ ಅನ್ನು, ಅಂದರೆ ಸೈಟಿನ ವಿಳಾಸದ ಹೆಸರನ್ನು, ಶೆಟ್ರ ತಂಗಿಯ ಮಗನ ಹೆಸರಲ್ಲಿ ತೆಗೆದುಕೊಂಡೆವು, ಆಗ ಸಂಘದಲ್ಲಿ ಆನ್‌ಲೈನ್ ದುಡ್ಡು ಕಟ್ಟಲು ಬರುತ್ತಿದ್ದದ್ದು ಅವನೊಬ್ಬನಿಗೆ. ಅವನು ಕೊಟ್ಟ ಇಮೇಲ್ ಅವನ ಕಾಲೇಜಿನದು. ಕಾಲೇಜು ಮುಗಿದು ಆ ಇಮೇಲ್ ಸತ್ತು ಎಷ್ಟೋ ವರ್ಷ ಆಗಿದೆ. ಕಾರ್ಡಿನಿಂದ ತಾನಾಗಿ ದುಡ್ಡು ಕಟ್ಟಾಗುತ್ತಿದ್ದಷ್ಟು ದಿನ ಯಾರಿಗೂ ಏನೂ ಗೊತ್ತಾಗಲಿಲ್ಲ. ಕಾರ್ಡಿನ ಅವಧಿ ಮುಗಿಯಿತು, ರಿನ್ಯೂ ಆಗಲಿಲ್ಲ, ಅಷ್ಟೇ. ಬೈಯಬೇಕಾದ್ದು ಯಾರನ್ನು ಅಂದರೆ ನನ್ನನ್ನೇ. ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸವೇ ಇದು.

ಈ ವಿಷಯದಲ್ಲಿ ಎಲ್ಲರೂ ಎಡವುವುದು ಒಂದೇ ಮಾತಿನಲ್ಲಿ. 'ಡೊಮೇನ್ ಕೊಂಡುಕೊಂಡೆ' ಅನ್ನುತ್ತೇವೆ. ಕೊಂಡುಕೊಳ್ಳುವುದೆಲ್ಲಿ ಬಂತು, ಅದು ಬಾಡಿಗೆ. ಡಾಟ್ ಕಾಮ್ ಹೆಸರುಗಳ ದೊಡ್ಡ ಖಾತೆ ಪುಸ್ತಕ ಇರುವುದು ವೆರಿಸೈನ್ ಕಂಪನಿಯ ಹತ್ತಿರ, ಡಾಟ್ ಇನ್‌ನದ್ದು ದೆಹಲಿಯ ನಿಕ್ಸಿ ಸಂಸ್ಥೆಯ ಹತ್ತಿರ. ನಾವು ದುಡ್ಡು ಕೊಡುವ ರಿಜಿಸ್ಟ್ರಾರ್ ಮಧ್ಯದ ಏಜೆಂಟು. ಒಂದು ವರ್ಷಕ್ಕೋ ಹತ್ತು ವರ್ಷಕ್ಕೋ ಆ ಪುಸ್ತಕದಲ್ಲಿ ನಮ್ಮ ಹೆಸರು ಬರೆಸುತ್ತೇವೆ, ಅವಧಿ ಮುಗಿದರೆ ಹೊಡೆದು ಹಾಕುತ್ತಾರೆ.

ಒಂದೇ ದಿನದಲ್ಲಿ ಹೊಡೆದು ಹಾಕುವುದಿಲ್ಲ ಅನ್ನಿ. ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮೊದಲು ಒಂದು, ಒಂದು ವಾರ ಮೊದಲು ಇನ್ನೊಂದು, ಮುಗಿದ ಮೇಲೆ ಐದು ದಿನದೊಳಗೆ ಮತ್ತೊಂದು ನೆನಪೋಲೆ ಕಳಿಸಲೇಬೇಕು ಅಂತ ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮವೇ ಇದೆ. ನಮಗೂ ಕಳಿಸಿರುತ್ತಾರೆ, ಸತ್ತ ಕಾಲೇಜು ಇಮೇಲಿಗೆ. ಆಮೇಲೆ ಡಾಟ್ ಕಾಮ್ ಆದರೆ ರಿಜಿಸ್ಟ್ರಾರ್ ಹೆಚ್ಚೆಂದರೆ 45 ದಿನ ಇಟ್ಟುಕೊಳ್ಳಬಹುದು. ಅದಾದ ಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶ. ಕೊನೆಗೆ 5 ದಿನ ಯಾರೂ ಮುಟ್ಟುವಂತಿಲ್ಲ, ಆರನೇ ದಿನ ಬಯಲಿಗೆ ಬೀಳುತ್ತದೆ. ಬೀಳುವುದನ್ನೇ ಕಾಯ್ದು ಸೆಕೆಂಡಿನೊಳಗೆ ಹಿಡಿಯುವುದಕ್ಕೆ ಕಂಪ್ಯೂಟರ್‌ಗಳನ್ನು ಸಾಲಾಗಿ ನಿಲ್ಲಿಸಿಕೊಂಡ ಕಂಪನಿಗಳಿವೆ. ಎಷ್ಟೋ ಸಲ ಅಲ್ಲಿಯವರೆಗೂ ಹೋಗುವುದಿಲ್ಲ, ಅವಧಿ ಮುಗಿದ ಕೆಲವು ವಾರಕ್ಕೇ ರಿಜಿಸ್ಟ್ರಾರೇ ಹರಾಜಿಗೆ ಇಡುತ್ತಾನೆ. ಇದೆಲ್ಲ ಕಾನೂನುಬದ್ಧ ವ್ಯಾಪಾರ.

"ನಮ್ಮ ಸಂಘದ ಹೆಸರು ಇಟ್ಟುಕೊಂಡು ಇಂಡೋನೇಷ್ಯಾದವನಿಗೆ ಎಂತ ಸಿಗುತ್ತದೆ?" ಅಂತ ಶೆಟ್ರು ಕೇಳಿದರು. ಒಳ್ಳೆಯ ಪ್ರಶ್ನೆ. ಅವನಿಗೆ ಹೆಸರು ಬೇಕಾಗಿಲ್ಲ, ಹೆಸರಿನ ಬೆನ್ನಿಗಿರುವ ಮರ್ಯಾದೆ ಬೇಕು. ಹದಿಮೂರು ವರ್ಷದಲ್ಲಿ ನಮ್ಮ ಸೈಟಿಗೆ ಒಂದೆರಡು ಪತ್ರಿಕೆಗಳು, ಒಂದು ಕಾಲೇಜಿನ ಜಾನಪದ ವಿಭಾಗ, ಕೊಲ್ಲಿ ರಾಷ್ಟ್ರದ ಒಂದು ಕನ್ನಡ ಸಂಘ, ಹತ್ತಾರು ಬ್ಲಾಗುಗಳು ಕೊಂಡಿ ಕೊಟ್ಟಿದ್ದವು. ಇಂಥವರೆಲ್ಲ ತೋರಿಸುವ ಸೈಟು ಒಳ್ಳೆಯದೇ ಇರಬೇಕು ಅಂತ ಗೂಗಲ್ ಲೆಕ್ಕ ಹಾಕುತ್ತದೆ. ಬಾಡಿಗೆದಾರ ಬದಲಾದರೂ ಆ ಕೊಂಡಿಗಳು ಎಲ್ಲಿದ್ದವೋ ಅಲ್ಲೇ ಇರುತ್ತವೆ. ಊರಿನಲ್ಲಿ ಮನೆ ಖಾಲಿ ಮಾಡಿ ಹತ್ತು ವರ್ಷ ಆದ ಮೇಲೂ ಹಳೆ ವಿಳಾಸಕ್ಕೆ ಮದುವೆ ಕಾಗದ ಬರುತ್ತದಲ್ವಾ, ಹಾಗೆ. ಒಳಗೆ ಯಾರು ಕೂತಿದ್ದಾರೆ ಅಂತ ಪೋಸ್ಟ್‌ಮ್ಯಾನ್ ಕೇಳುವುದಿಲ್ಲ.

ಸೈಬರ್ ದಾಳಿ ಅಂದ ಕೂಡಲೇ ನಮಗೆ ಕತ್ತಲೆ ಕೋಣೆ, ಟೋಪಿ ಹಾಕಿದ ಹುಡುಗ, ಹಸಿರು ಅಕ್ಷರ ನೆನಪಾಗುತ್ತದೆ. ಡೊಮೇನ್‌ಗಳ ಲೋಕದಲ್ಲಿ ನಾನು ಓದಿದ ಅನೇಕ ದೊಡ್ಡ ಪ್ರಕರಣಗಳಲ್ಲಿ ಅದ್ಯಾವುದೂ ಇಲ್ಲ. ಯಾರೋ ಮರೆತರು, ಯಾರೋ ಎತ್ತಿಕೊಂಡರು.

ಮರೆಯುವುದಕ್ಕೆ ನಮ್ಮಂಥ ಸಂಘವೇ ಆಗಬೇಕೆಂದಿಲ್ಲ. 1999ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್‌ನವರು ಪಾಸ್‌ಪೋರ್ಟ್ ಡಾಟ್ ಕಾಮ್ ರಿನ್ಯೂ ಮಾಡುವುದನ್ನು ಮರೆತರು. ಹಾಟ್‌ಮೇಲ್‌ನ ಲಾಗಿನ್ ಆ ಹೆಸರಿನ ಮೇಲೆ ನಿಂತಿತ್ತು, ಜನರಿಗೆ ಇಮೇಲ್ ತೆರೆಯಲು ಆಗಲಿಲ್ಲ. ಮೈಕೆಲ್ ಚೇನಿ ಅನ್ನುವ ಒಬ್ಬ ಲಿನಕ್ಸ್ ಪ್ರೋಗ್ರಾಮರ್ ಕ್ರಿಸ್‌ಮಸ್ ರಜೆಯಲ್ಲಿ ತನ್ನ ಕಾರ್ಡಿನಿಂದ 35 ಡಾಲರ್ ಕಟ್ಟಿ ಅವರ ಮಾನ ಉಳಿಸಿದ. 2015ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ತಮಾಷೆ. ಗೂಗಲ್‌ನಲ್ಲಿ ಹಿಂದೆ ಕೆಲಸ ಮಾಡಿದ್ದ ಸನ್ಮಯ್ ವೇದ್ ಅನ್ನುವವರು ಗೂಗಲ್‌ನದೇ ಡೊಮೇನ್ ಅಂಗಡಿಯಲ್ಲಿ ಸುಮ್ನೆ ಹುಡುಕುವಾಗ ಗೂಗಲ್ ಡಾಟ್ ಕಾಮ್ 12 ಡಾಲರ್‌ಗೆ ಸಿಗುತ್ತದೆ ಅಂತ ತೋರಿಸಿತು. ಒತ್ತಿದರು, ದುಡ್ಡು ಕಟ್ ಆಯಿತು, ಸುಮಾರು ಒಂದು ನಿಮಿಷ ಅದು ಅವರದ್ದಾಗಿತ್ತು! ಗೂಗಲ್ ಅವರಿಗೆ 6006.13 ಡಾಲರ್ ಬಹುಮಾನ ಕೊಟ್ಟಿತು. ಆ ಅಂಕೆಗಳನ್ನು ಓರೆಗಣ್ಣಿನಲ್ಲಿ ನೋಡಿದರೆ ಇಂಗ್ಲಿಷಿನಲ್ಲಿ ಗೂಗಲ್ ಅಂತ ಬರೆದ ಹಾಗೆ ಕಾಣುತ್ತದೆ. ಅವರು ಆ ದುಡ್ಡನ್ನು ಆರ್ಟ್ ಆಫ್ ಲಿವಿಂಗ್‌ನವರ ಶಿಕ್ಷಣದ ಕೆಲಸಕ್ಕೆ ದಾನ ಮಾಡುತ್ತೇನೆ ಅಂದಾಗ ಗೂಗಲ್ ಮೊತ್ತವನ್ನು ಎರಡು ಪಟ್ಟು ಮಾಡಿತು. ಅವರ ಆಶ್ರಮ ಇರುವ ನಮ್ಮ ಕನಕಪುರ ರಸ್ತೆಗೂ ಈ ಕತೆಗೂ ಹೀಗೊಂದು ನಂಟು.

ಇವರಿಬ್ಬರೂ ಒಳ್ಳೆಯವರು. ಕೆಟ್ಟವರ ಕೈಗೆ ಸಿಕ್ಕರೆ ಮೊದಲು ನೋಡುವುದು ಸೈಟನ್ನಲ್ಲ, ಇಮೇಲನ್ನು. ಶೆಟ್ರ ಫೋನು ಇಟ್ಟ ಮೇಲೆ ನನಗೆ ನಿಜಕ್ಕೂ ಬೆವರು ಬಂದದ್ದು ಇದೇ ಕಾರಣಕ್ಕೆ. ಡೊಮೇನ್ ಯಾರ ಕೈಯಲ್ಲಿದೆಯೋ ಆ ಹೆಸರಿನ ಎಲ್ಲ ಇಮೇಲೂ ಅವರ ಕೈಗೆ. ಸಂಘದ ಹೆಸರಿನ ಒಂದು ಇಮೇಲ್ ಇತ್ತು, ಯೂಟ್ಯೂಬ್ ಚಾನೆಲ್ ಅದರಿಂದಲೇ ತೆರೆದದ್ದು. ಹೊಸ ಬಾಡಿಗೆದಾರ ಯೂಟ್ಯೂಬಿಗೆ ಹೋಗಿ 'ಪಾಸ್‌ವರ್ಡ್ ಮರೆತಿದೆ' ಅಂತ ಒತ್ತಿದರೆ ಮುಗಿಯಿತು, ಹೊಸ ಪಾಸ್‌ವರ್ಡಿನ ದಾರಿ ಅವನ ಪೆಟ್ಟಿಗೆಗೇ ಬರುತ್ತದೆ.

ಇದು ಬರೀ ನನ್ನ ಹೆದರಿಕೆ ಅಲ್ಲ. 2022ರ ಮೇ ತಿಂಗಳಲ್ಲಿ ಪೈಥಾನ್ ಪ್ರೋಗ್ರಾಮರ್‌ಗಳು ಬಳಸುವ ಸಿಟಿಎಕ್ಸ್ ಅನ್ನುವ ಚಿಕ್ಕ ಪ್ಯಾಕೇಜಿಗೆ, ಅಂದರೆ ಯಾರೋ ಬರೆದಿಟ್ಟ ಸಿದ್ಧ ಕೋಡಿನ ಕಟ್ಟಿಗೆ, ಹೀಗೇ ಆಯಿತು. ಅದನ್ನು ಬರೆದವರು ವರ್ಷಗಟ್ಟಲೆ ಮುಟ್ಟಿರಲಿಲ್ಲ, ಅವರ ಇಮೇಲ್ ಇದ್ದ ಡೊಮೇನ್ ಅವಧಿ ಮುಗಿದು ಬಿದ್ದಿತ್ತು. ಒಬ್ಬ ಅದನ್ನು ನೋಂದಾಯಿಸಿ, ಪಾಸ್‌ವರ್ಡ್ ಬದಲಿಸಿ, ಪ್ಯಾಕೇಜಿನೊಳಗೆ ಕಳ್ಳ ಸಾಲುಗಳನ್ನು ಸೇರಿಸಿದ. ಅದನ್ನು ಹಾಕಿಕೊಂಡ ಕಂಪ್ಯೂಟರ್‌ಗಳಲ್ಲಿ ಗುಟ್ಟಾಗಿ ಇಟ್ಟ ಕೀಲಿಗಳು ಅವನ ಕಡೆಗೆ ಹರಿದವು. ಒಂದು ಊಟದ ಬೆಲೆಗೆ ಸಿಗುವ ಡೊಮೇನ್, ಬೇರೆ ಏನೂ ಒಡೆದಿಲ್ಲ.

ಇದಕ್ಕಿಂತ ಕುತ್ತಿಗೆ ಹಿಡಿಯುವ ಕತೆ ಡಾಟ್ ಮೊಬಿಯದ್ದು. 2024ರಲ್ಲಿ ವಾಚ್‌ಟವರ್ ಅನ್ನುವ ಭದ್ರತಾ ಕಂಪನಿಯವರು ಲಾಸ್ ವೇಗಸ್‌ನಲ್ಲಿ ಒಂದು ಸಮ್ಮೇಳನಕ್ಕೆ ಹೋಗಿದ್ದರು. ಹೊತ್ತು ಹೋಗದೆ ಕೂತಾಗ ಅವರ ಕಣ್ಣಿಗೆ ಒಂದು ಬಿಟ್ಟ ಡೊಮೇನ್ ಬಿತ್ತು. ಡಾಟ್ ಮೊಬಿ ಅಂತ ಕೊನೆಯಾಗುವ ಹೆಸರುಗಳು ಯಾರದ್ದು ಅಂತ ಹೇಳುವ ಸರ್ವರ್ ಒಂದು ಕಾಲದಲ್ಲಿ ಆ ಹೆಸರಿನಲ್ಲಿತ್ತು. ನೋಡಿಕೊಳ್ಳುವವರು ಸರ್ವರನ್ನು ಬೇರೆ ಹೆಸರಿಗೆ ಸಾಗಿಸಿ ಹಳೆಯದನ್ನು ಬಿಟ್ಟುಬಿಟ್ಟಿದ್ದರು. ಇವರು 20 ಡಾಲರ್ ಕೊಟ್ಟು ತೆಗೆದುಕೊಂಡು ಒಂದು ಸರ್ವರ್ ಇಟ್ಟರು. ಕೆಲವೇ ದಿನದಲ್ಲಿ 1,35,000ಕ್ಕೂ ಜಾಸ್ತಿ ಕಂಪ್ಯೂಟರ್‌ಗಳು ಬಂದು 'ಈ ಹೆಸರು ಯಾರದ್ದು' ಅಂತ ಇವರನ್ನೇ ಕೇಳತೊಡಗಿದವು. ಸರ್ಕಾರಿ ಕಂಪ್ಯೂಟರ್‌ಗಳೂ ಅದರಲ್ಲಿದ್ದವು. ಸೈಟುಗಳಿಗೆ ಬೀಗದ ಗುರುತು ಕೊಡುವ ಪ್ರಮಾಣಪತ್ರ ಸಂಸ್ಥೆಗಳಲ್ಲೂ ಕೆಲವು ಈ ಹಳೆ ವಿಳಾಸವನ್ನೇ ನಂಬಿ ಕೂತಿದ್ದವು. ಇವರು ಮನಸ್ಸು ಮಾಡಿದ್ದರೆ ಮೈಕ್ರೋಸಾಫ್ಟ್ ಡಾಟ್ ಮೊಬಿ ನನ್ನದು ಅಂತ ಹೇಳಿ ಪ್ರಮಾಣಪತ್ರ ಪಡೆಯಬಹುದಿತ್ತು. ಪಡೆಯಲಿಲ್ಲ, ವರದಿ ಬರೆದರು. ಇನ್ನು ಇಂಥವರ ಬದಲು ಬೇರೆ ಯಾರಿಗೋ ಆ ಮಧ್ಯಾಹ್ನ ಹೊತ್ತು ಹೋಗದೆ ಇದ್ದಿದ್ದರೆ?

ಬಿಟ್ಟ ಹೆಸರಿಗೆ ದೊಡ್ಡ ಮನೆಯವರು ದಾರಿ ಬೋರ್ಡು ಹಾಕಿ ಮರೆತಿದ್ದರಂತೂ ಕಳ್ಳನಿಗೆ ಹಬ್ಬ. ಮೈಕ್ರೋಸಾಫ್ಟ್‌ನ ಎಂಎಸ್‌ಎನ್ ಸೈಟು ಬಹಳ ಹಿಂದೆ ಒಂದು ಬಹುಮಾನ ಯೋಜನೆ ಮಾಡಿತ್ತು, ಅದಕ್ಕೆಂದೇ ಒಂದು ಉಪ ವಿಳಾಸ ತೆರೆದು 'ಇಲ್ಲಿ ಬಂದವರು ಆ ಇನ್ನೊಂದು ಡೊಮೇನ್‌ಗೆ ಹೋಗಿ' ಅಂತ ತನ್ನ ದಾಖಲೆಯಲ್ಲಿ ಬರೆದಿಟ್ಟಿತ್ತು. ಯೋಜನೆ ಮುಗಿಯಿತು, ಆ ಇನ್ನೊಂದು ಡೊಮೇನ್ 21 ವರ್ಷ ಅನಾಥವಾಗಿ ಬಿದ್ದಿತ್ತು, ದಾಖಲೆಯ ಸಾಲು ಮಾತ್ರ ಹಾಗೇ ಉಳಿಯಿತು. 2022ರಲ್ಲಿ ಯಾರೋ ಅನಾಥ ಹೆಸರನ್ನು ನೋಂದಾಯಿಸಿದರು. ಆ ಹೊತ್ತಿನಿಂದ ಎಂಎಸ್‌ಎನ್ ಹೆಸರಿನಲ್ಲೇ ಇಮೇಲ್ ಕಳಿಸುವ ಹಕ್ಕು ಅವರಿಗೆ ಬಂತು. ಕಳಿಸಿದವರು ಅಸಲಿಯೋ ನಕಲಿಯೋ ಅಂತ ನೋಡುವ ತಪಾಸಣೆಗಳೆಲ್ಲ 'ಅಸಲಿ' ಅಂದವು, ಯಾಕೆಂದರೆ ದಾಖಲೆ ಪ್ರಕಾರ ಅದು ಅಸಲಿಯೇ. ಗಾರ್ಡಿಯೋ ಲ್ಯಾಬ್ಸ್‌ನವರು 2024ರ ಫೆಬ್ರವರಿಯಲ್ಲಿ ಇದನ್ನು ಬಯಲು ಮಾಡಿದಾಗ 8,000ಕ್ಕೂ ಹೆಚ್ಚು ಡೊಮೇನ್‌ಗಳು ಹೀಗೆ ಸಿಕ್ಕಿಬಿದ್ದಿದ್ದವು, ದಿನಕ್ಕೆ 50 ಲಕ್ಷದಷ್ಟು ಕಸದ ಇಮೇಲ್ ಹೋಗುತ್ತಿತ್ತು.

ಇನ್ನು ಕಾಯುವ ತಾಳ್ಮೆ ಇಲ್ಲದವರು ನೇರವಾಗಿ ಕೊಳ್ಳುತ್ತಾರೆ. ಪಾಲಿಫಿಲ್ ಡಾಟ್ ಐಒ ಅನ್ನುವುದು ಹಳೆ ಬ್ರೌಸರ್‌ಗಳಿಗೆ ಊರುಗೋಲು ಕೊಡುತ್ತಿದ್ದ ಒಂದು ಉಚಿತ ಸೇವೆ. ಒಂದು ಲಕ್ಷಕ್ಕೂ ಹೆಚ್ಚು ವೆಬ್‌ಸೈಟ್‌ಗಳು ತಮ್ಮ ಪುಟದಲ್ಲಿ ಅದರ ಒಂದು ಸಾಲು ಹಾಕಿಕೊಂಡಿದ್ದವು. ನಾನೂ ಎಷ್ಟೋ ಗಿರಾಕಿಗಳಿಗೆ ಹಾಕಿಕೊಟ್ಟಿದ್ದೆ, ಮುಚ್ಚಿಡುವುದೇನು. 2024ರ ಫೆಬ್ರವರಿಯಲ್ಲಿ ಫನಲ್ ಅನ್ನುವ ಚೀನಾದ ಕಂಪನಿ ಆ ಡೊಮೇನ್ ಕೊಂಡಿತು. ಮೂಲದಲ್ಲಿ ಅದನ್ನು ಬರೆದ ಆಂಡ್ರ್ಯೂ ಬೆಟ್ಸ್ ಆಗಲೇ ಹೇಳಿದರು, ಈ ಹೆಸರು ಎಂದೂ ನನ್ನದಾಗಿರಲಿಲ್ಲ, ನಿಮ್ಮ ಸೈಟಿನಿಂದ ಕೂಡಲೇ ತೆಗೆಯಿರಿ ಅಂತ. ಯಾರು ಕೇಳುತ್ತಾರೆ? ಜೂನ್ ಹೊತ್ತಿಗೆ ಆ ಸಾಲಿನ ಮೂಲಕ ಕಳ್ಳ ಕೋಡು ಬರಲು ಶುರುವಾಯಿತು. ಅದೂ ಎಲ್ಲರಿಗೂ ಅಲ್ಲ. ಕೆಲವು ಮೊಬೈಲ್‌ಗಳಿಗೆ ಮಾತ್ರ, ಕೆಲವು ಹೊತ್ತಿನಲ್ಲಿ ಮಾತ್ರ, ಸೈಟಿನ ಯಜಮಾನ ನೋಡುತ್ತಿದ್ದಾನೆ ಅಂತ ಅನುಮಾನ ಬಂದರೆ ಸುಮ್ಮನೆ ಮಲಗುತ್ತಿತ್ತು. ಹಾಗೆ ಸಿಕ್ಕಿದ ಮೊಬೈಲ್‌ಗಳನ್ನು ಎಲ್ಲಿಗೆ ಕರೆದೊಯ್ಯುತ್ತಿತ್ತು ಅಂತೀರಿ? ಬೆಟ್ಟಿಂಗ್ ಸೈಟಿಗೆ. ಮತ್ತೆ ಜುಗಾರಿ! ದಾರಿಯಲ್ಲಿ ಬಳಸಿದ ಡೊಮೇನ್ ಇನ್ನೂ ಚೆನ್ನ. ಗೂಗಲ್ ಅನಾಲಿಟಿಕ್ಸ್ ಅಂತಲೇ ಓದಿಸಿಕೊಳ್ಳುತ್ತದೆ, ಆದರೆ ಇಂಗ್ಲಿಷಿನ 'ಎಲ್' ಇರಬೇಕಾದ ಕಡೆಯೆಲ್ಲ 'ಐ' ಇದೆ. ನನ್ನ ಚಾಳೀಸು ಕಣ್ಣಿಗೆ ಮೂರನೇ ಸಲ ಓದಿದಾಗ ಗೊತ್ತಾದದ್ದು.

ಹಾಗಂತ ನಿಜವಾದ ಕಳ್ಳತನ ಇಲ್ಲವೇ ಇಲ್ಲ ಅಂತಲ್ಲ. ಬಾಡಿಗೆ ಸರಿಯಾಗಿ ಕಟ್ಟುತ್ತಿದ್ದವರ ಹೆಸರನ್ನೂ ಎತ್ತಿಕೊಂಡು ಹೋಗಿದ್ದಾರೆ. 1995ರಲ್ಲಿ ಸೆಕ್ಸ್ ಡಾಟ್ ಕಾಮ್ ಅನ್ನು ಒಬ್ಬ ಒಂದು ಸುಳ್ಳು ಕಾಗದ ಬರೆದು ತನ್ನ ಹೆಸರಿಗೆ ಮಾಡಿಸಿಕೊಂಡ, ಯಾರೂ ಫೋನ್ ಮಾಡಿ ಅಸಲಿ ಮಾಲೀಕನನ್ನು ಕೇಳಲಿಲ್ಲ. ಆ ಕೇಸು ವರ್ಷಗಟ್ಟಲೆ ನಡೆದು 6.5 ಕೋಟಿ ಡಾಲರ್ ಕೊಡಬೇಕು ಅಂತ 2001ರಲ್ಲಿ ತೀರ್ಪಾಯಿತು, ಅವನು ಅಷ್ಟರಲ್ಲಿ ದೇಶ ಬಿಟ್ಟಿದ್ದ. 2013ರ ಆಗಸ್ಟ್‌ನಲ್ಲಿ ಸಿರಿಯನ್ ಎಲೆಕ್ಟ್ರಾನಿಕ್ ಆರ್ಮಿ ಅನ್ನುವ ಹ್ಯಾಕರ್ ಗುಂಪಿನವರು ನ್ಯೂಯಾರ್ಕ್ ಟೈಮ್ಸ್ ಸೈಟನ್ನು ಕೆಡವಿದ್ದು ಟೈಮ್ಸ್‌ನ ಕಂಪ್ಯೂಟರ್ ಮುಟ್ಟಿ ಅಲ್ಲ. ಅವರ ಡೊಮೇನ್ ಇದ್ದ ಆಸ್ಟ್ರೇಲಿಯಾದ ಮೆಲ್ಬರ್ನ್ ಐಟಿಯ ಒಬ್ಬ ಮರುಮಾರಾಟಗಾರನ ಪಾಸ್‌ವರ್ಡನ್ನು ಮೋಸದ ಇಮೇಲಿನಿಂದ ತೆಗೆಸಿಕೊಂಡರು, ಅಷ್ಟೇ.

ನನಗೆ ತುಂಬ ಕಲಿಸಿದ್ದು ಪರ್ಲ್ ಡಾಟ್ ಕಾಮ್ ಪ್ರಕರಣ. 2021ರ ಜನವರಿ ಕೊನೆಯಲ್ಲಿ ಪರ್ಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯವರ ಆ ಹಳೆ ಸೈಟು ಇದ್ದಕ್ಕಿದ್ದಂತೆ ಮಾಯ. ಎಲ್ಲರೂ ಅಂದೇ ಕದ್ದರು ಅಂದುಕೊಂಡರು. ಆಮೇಲೆ ನೋಡಿದರೆ ಕದ್ದದ್ದು 2020ರ ಸೆಪ್ಟೆಂಬರ್‌ನಲ್ಲೇ! ಖಾತೆ ತಮ್ಮ ಕೈಗೆ ಬಂದ ಮೇಲೂ ಕಳ್ಳರು ಸೈಟನ್ನು ಮುಟ್ಟಲಿಲ್ಲ. ಡಿಸೆಂಬರ್‌ನಲ್ಲಿ ಚೀನಾದ ಒಂದು ರಿಜಿಸ್ಟ್ರಾರ್‌ಗೆ ಸಾಗಿಸಿದರು, ಆಗಲೂ ಸೈಟು ಎಂದಿನಂತೆ ನಡೆಯುತ್ತಿತ್ತು. ಜನವರಿಯಲ್ಲಿ ಜರ್ಮನಿಯ ಇನ್ನೊಂದಕ್ಕೆ ಹಾರಿಸಿ, ಆಮೇಲೆ ಮುಖ ತೋರಿಸಿದರು. ಹೊತ್ತಿಗೆ ಹೊತ್ತು ಸೇರಿದಷ್ಟೂ, ಕೈಯಿಂದ ಕೈಗೆ ದಾಟಿದಷ್ಟೂ ವಾಪಸ್ ಪಡೆಯುವುದು ಕಷ್ಟ ಅಂತ ಅವರಿಗೆ ಗೊತ್ತು. 1,90,000 ಡಾಲರ್‌ಗೆ ಮಾರಾಟಕ್ಕೂ ಇಟ್ಟಿದ್ದರು. ಪರ್ಲ್‌ನವರಿಗೆ ದೊಡ್ಡ ಹೆಸರಿತ್ತು, ಸರಿಯಾದ ಜನರ ಪರಿಚಯವಿತ್ತು, ಫೆಬ್ರವರಿಯಲ್ಲಿ ಹೆಸರು ವಾಪಸ್ ಬಂತು. ನಮ್ಮ ಯಕ್ಷಗಾನ ಸಂಘಕ್ಕೆ ಯಾರ ಪರಿಚಯ ಇದೆ?

ಇದೆಲ್ಲದರ ಪಕ್ಕದಲ್ಲಿ ಸೋಗಿನ ಹೆಸರುಗಳದ್ದು ಇನ್ನೊಂದು ದೊಡ್ಡ ಸಂತೆ. ಅದನ್ನು ನೀವೆಲ್ಲ ನೋಡಿಯೇ ಇದ್ದೀರಿ, ಸಂಚಾರ ದಂಡ ಕಟ್ಟಿ ಅಂತ ಬರುವ ಮೆಸೇಜು, ಕರೆಂಟ್ ಬಿಲ್ಲು, ಕೊರಿಯರ್ರು. 2022ರಲ್ಲಿ ಕಲಬುರಗಿ ಜಿಲ್ಲೆಯ ದೇವಲ ಗಾಣಗಾಪುರದ ದತ್ತಾತ್ರೇಯ ದೇವಸ್ಥಾನದ ಹೆಸರಿನಲ್ಲಿ ನಕಲಿ ವೆಬ್‌ಸೈಟ್‌ಗಳನ್ನು ತೆರೆದು ಭಕ್ತರಿಂದ ಕೋಟಿಗಟ್ಟಲೆ ಹಣ ಎತ್ತಿದ್ದಾರೆ ಅಂತ ಪೊಲೀಸ್ ದೂರು ದಾಖಲಾಯಿತು. ಆರೋಪ ಬಂದದ್ದು ಅಲ್ಲಿನ ಕೆಲವು ಅರ್ಚಕರ ಮೇಲೆಯೇ. ಭಕ್ತರನ್ನು ಯಾಕೆ ಬೈಯಬೇಕು ಹೇಳಿ, ದೇವಸ್ಥಾನದ ಸರಿಯಾದ ವಿಳಾಸ ಡಾಟ್ ಕಾಮ್‌ನಲ್ಲಿದೆಯೋ ಡಾಟ್ ಆರ್ಗ್‌ನಲ್ಲಿದೆಯೋ ಅಂತ ನಮಗಾದರೂ ಗೊತ್ತಾ? ಬೀಗದ ಗುರುತು ನೋಡಿ ನಂಬಿ ಅಂತ ಒಂದು ಕಾಲದಲ್ಲಿ ನಾನೇ ಎಲ್ಲರಿಗೂ ಹೇಳುತ್ತಿದ್ದೆ. ಆ ಬೀಗ ಈಗ ಪುಕ್ಕಟೆ ಸಿಗುತ್ತದೆ, ಕಳ್ಳನ ಮನೆಗೂ ಅದೇ ಬೀಗ. 2023ರಲ್ಲಿ ಕ್ರೋಮ್ ಬ್ರೌಸರ್ ಬೀಗದ ಚಿತ್ರವನ್ನೇ ತೆಗೆದುಹಾಕಿತು, ಒಳ್ಳೆಯದೇ ಆಯಿತು.

ಕನ್ನಡದಲ್ಲೇ ಡೊಮೇನ್ ಹೆಸರು ಬರೆಯಬಹುದು, ಡಾಟ್ ಭಾರತ ಅಂತ ಕನ್ನಡ ಲಿಪಿಯಲ್ಲೇ ಇದೆ. ನನಗೆ ಅದರ ಮೇಲೆ ಬಹಳ ಪ್ರೀತಿ. ಆದರೆ ಅಲ್ಲೂ ಒಂದು ಗುಂಡಿ ಇದೆ. ನಮ್ಮ ಅ, ಆ, ಇ, ಜ, ಲ ಬರೆದು ತೆಲುಗಿನ ಅದೇ ಅಕ್ಷರಗಳ ಪಕ್ಕ ಇಡಿ, ಅಕ್ಕ ತಂಗಿಯರಲ್ಲ, ಅವಳಿ ಜವಳಿ. ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. 2017ರಲ್ಲಿ ಕ್ಸುಡಾಂಗ್ ಝೆಂಗ್ ಅನ್ನುವವರು ರಷ್ಯನ್ನರು ಬಳಸುವ ಸಿರಿಲಿಕ್ ಅಕ್ಷರಗಳಿಂದಲೇ ಆ್ಯಪಲ್ ಅಂತ ಓದಿಸಿಕೊಳ್ಳುವ ಡೊಮೇನ್ ಮಾಡಿ ತೋರಿಸಿದರು, ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ ಮೋಸಹೋದವು. ನಮ್ಮ ಲಿಪಿಗಳಿಗೆ ಇಂಟರ್ನೆಟ್ಟಿನ ಮೂಲ ನಿಯಮ ಬರೆದವರು ಇದನ್ನು ಮೊದಲೇ ಯೋಚಿಸಿ ಕನ್ನಡ, ತೆಲುಗಿನ ಇಂಥ ಜೋಡಿಗಳನ್ನು ಪಟ್ಟಿ ಮಾಡಿದ್ದಾರೆ. ಆ ನಿಯಮ ಇರುವುದು ವಿಳಾಸದ ಕಟ್ಟಕಡೆಯ ಭಾಗಕ್ಕೆ. ಅದರ ಹಿಂದಿನ ಭಾಗದ ಕಾವಲು ಆಯಾ ಹೆಸರುಗಳ ಖಾತೆ ಪುಸ್ತಕ ಇಟ್ಟುಕೊಂಡವರದ್ದು.

ಬ್ಯಾಂಕುಗಳ ವಿಷಯಕ್ಕೆ ಬಂದರೆ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು. ಆ ವರ್ಷದ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಡಾಟ್ ಬ್ಯಾಂಕ್ ಡಾಟ್ ಇನ್ ಅಂತ ಕೊನೆಯಾಗುವ ಹೆಸರಿಗೆ ಬರಬೇಕು ಅಂದಿತು, ಆ ಹೆಸರು ಕೊಡುವುದು ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆ ಮಾತ್ರ. ಬ್ಯಾಂಕ್ ಅಲ್ಲದವನಿಗೆ ಅದು ಸಿಗುವುದಿಲ್ಲ. ಅಮ್ಮನಿಗೆ ಹೇಳಿಕೊಡುವುದೂ ಸುಲಭ, ಹೆಸರಿನ ಬಾಲ ನೋಡು ಅಂದರೆ ಸಾಕು. ಆದರೆ ನಮ್ಮ ಸೈಟಿನ ಅನುಭವ ಆದ ಮೇಲೆ ನನ್ನ ತಲೆ ಬೇರೆ ಕಡೆ ಓಡುತ್ತದೆ. ಹೊಸ ಹೆಸರಿಗೆ ಹೋದಿರಿ, ಸಂತೋಷ, ಹಳೆ ಹೆಸರು? ಅದಕ್ಕೆ ಬಾಡಿಗೆ ಎಷ್ಟು ವರ್ಷ ಕಟ್ಟುತ್ತೀರಿ? ನಮ್ಮ ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಕೆನರಾ ಮತ್ತು ಯೂನಿಯನ್ ಬ್ಯಾಂಕುಗಳಿಗೆ ಸೇರಿದವು. ನಮ್ಮ ಮನೆಯ ಕಪಾಟಿನಲ್ಲಿ ಆ ಹೆಸರುಗಳ ಪಾಸ್‌ಬುಕ್ಕು ಇವತ್ತಿಗೂ ಇದೆ. ಸೇರಿಸಿಕೊಂಡ ಬ್ಯಾಂಕು ಹಳೆ ಡೊಮೇನನ್ನು ಹತ್ತು ವರ್ಷ ಅಲ್ಲ, ಆ ಪಾಸ್‌ಬುಕ್ ಹಿಡಿದ ಕೊನೆಯ ಅಜ್ಜಿ ಇರುವವರೆಗೂ ಬಿಡಬಾರದು. ವರ್ಷಕ್ಕೆ ಒಂದು ಸಾವಿರ ರೂಪಾಯಿ ಆಸುಪಾಸಿನ ಖರ್ಚು.

ಅಂದಹಾಗೆ, ಎತ್ತಿಕೊಳ್ಳುವ ಈ ಆಟ ಒಮ್ಮೊಮ್ಮೆ ಕಳ್ಳನಿಗೇ ತಿರುಗುತ್ತದೆ. 2017ರ ಮೇನಲ್ಲಿ ಕಡತಗಳಿಗೆ ಬೀಗ ಜಡಿದು ದುಡ್ಡು ಕೇಳುವ ವನ್ನಾಕ್ರೈ ಅನ್ನುವ ಕಂಪ್ಯೂಟರ್ ಹುಳ ಇಂಗ್ಲೆಂಡಿನ ಆಸ್ಪತ್ರೆಗಳನ್ನೂ ಸೇರಿಸಿ ಜಗತ್ತನ್ನೆಲ್ಲ ಅಲ್ಲಾಡಿಸುತ್ತಿದ್ದಾಗ ಅದು ಒಂದು ಅರ್ಥವಿಲ್ಲದ ಉದ್ದ ಡೊಮೇನನ್ನು ಕರೆದು ನೋಡುತ್ತಿದೆ, ಆದರೆ ಆ ಹೆಸರನ್ನು ಯಾರೂ ನೋಂದಾಯಿಸಿಲ್ಲ ಅಂತ ಇಂಗ್ಲೆಂಡಿನ ಮಾರ್ಕಸ್ ಹಚಿನ್ಸ್ ಕಂಡುಕೊಂಡ. 10.69 ಡಾಲರ್ ಕೊಟ್ಟು ನೋಂದಾಯಿಸಿದ. ಆ ಹೆಸರಿನಿಂದ ಉತ್ತರ ಬಂದರೆ ಸುಮ್ಮನಾಗು ಅಂತ ಬರೆದಿತ್ತಂತೆ, ಹುಳ ಹರಡುವುದು ನಿಂತಿತು. ಅವನಿಗೂ ಅದು ಮೊದಲೇ ಗೊತ್ತಿರಲಿಲ್ಲ.

ನಮ್ಮ ಕತೆಗೆ ಬರುತ್ತೇನೆ. ಹಳೆ ಹೆಸರನ್ನು ವಾಪಸ್ ಕೇಳಿ ನೋಡಿದೆ, ಮಧ್ಯದವರೊಬ್ಬರು ಹೇಳಿದ ಬೆಲೆಗೆ ಎರಡು ರಾತ್ರಿ ದೊಡ್ಡ ಮೇಳವನ್ನೇ ಕರೆಸಬಹುದಿತ್ತು. ಬಿಟ್ಟೆವು. ಯೂಟ್ಯೂಬ್ ಚಾನೆಲ್ ಉಳಿಯಿತು, ಯಾಕೆಂದರೆ ಅದಕ್ಕೆ ಶೆಟ್ರ ಮೊಬೈಲ್ ನಂಬರೂ ಕೊಟ್ಟಿತ್ತು, ಪುಣ್ಯಕ್ಕೆ. ಹೊಸ ಹೆಸರು ಡಾಟ್ ಇನ್‌ನಲ್ಲಿ ತೆಗೆದುಕೊಂಡು ಒಟ್ಟಿಗೆ ಹತ್ತು ವರ್ಷಕ್ಕೆ ಕಟ್ಟಿದ್ದೇವೆ, ಮೂರು ಜನರ ಇಮೇಲ್ ಕೊಟ್ಟಿದ್ದೇವೆ, ಯಾವುದೂ ಆ ಡೊಮೇನಿನದೇ ಅಲ್ಲ. ಬೇರೆಡೆಗೆ ಸಾಗಿಸದಂತೆ ಬೀಗ ಹಾಕಿದೆ, ಲಾಗಿನ್ ಆಗಲು ಫೋನಿಗೆ ಬರುವ ಕೋಡೂ ಬೇಕು. ಪತ್ರಿಕೆಗಳಿಗೆ, ಆ ಕಾಲೇಜಿಗೆ, ಕೊಲ್ಲಿಯ ಕನ್ನಡ ಸಂಘಕ್ಕೆ ಹಳೆ ಕೊಂಡಿ ತೆಗೆಯಿರಿ ಅಂತ ಬರೆದೆ. ಕೊಲ್ಲಿಯವರು ಅದೇ ದಿನ ತೆಗೆದರು. ಉಳಿದವರು ಇನ್ನೂ ತೆಗೆದಿಲ್ಲ.

ಹಬ್ಬಕ್ಕೆ ಊರಿಗೆ ಹೋದಾಗ ಶೆಟ್ರು ಮಾತಾಡದೆ ನನ್ನನ್ನು ರಂಗಮಂದಿರದ ಒಳಗೆ ಕರೆದುಕೊಂಡು ಹೋದರು. ದಾನಿಗಳ ಹೆಸರು ಕೆತ್ತಿಸಿದ ಕಪ್ಪು ಗ್ರಾನೈಟ್ ಕಲ್ಲು ಅಲ್ಲಿದೆ. ನಲವತ್ತೆರಡು ಹೆಸರು, ಕೆಳಗೆ ಬಂಗಾರದ ಬಣ್ಣದಲ್ಲಿ ಸಂಘದ ವೆಬ್ ವಿಳಾಸ. ಹಾಕಿಸಿ, ಚೆನ್ನಾಗಿ ಕಾಣುತ್ತದೆ ಅಂತ ಆಗ ಹಟ ಹಿಡಿದದ್ದು ನಾನೇ.

"ಒಂದು ಸಾಲು ಉಜ್ಜಿ ತೆಗೆಯಲಿಕ್ಕೆ ಮೂರು ಸಾವಿರ ಕೇಳಿದ," ಅಂದರು ಶೆಟ್ರು. "ಇಡೀ ಕಲ್ಲು ಬಿಚ್ಚಬೇಕಂತೆ."

ಸದ್ಯಕ್ಕೆ ಆ ಸಾಲಿನ ಮೇಲೆ ಸಹಕಾರಿ ಸಂಘದ ಕ್ಯಾಲೆಂಡರ್ ಅಂಟಿಸಿದ್ದಾರೆ.